ನಿದ್ದೆಗೆ ಹೆದರಿದ ಮಗಳಿಗೆ

ಹಳೇ ದಾವಣಗೆರೆ

ಚಿ. ಸುಮಳಿಗೆ ದೊಡ್ಡಮ್ಮನ ಆಶೀರ್ವಾದಗಳು.

ನಿನ್ನ ಪತ್ರ ಮೊನ್ನೆ ಬಂದಿತು. ನಿನ್ನ ಎದೆಬಡಿತ ನಾಗಾಲೋಟಕ್ಕಿಟ್ಟದ್ದು, ಅದನ್ನು ಇಳಿಸಲು ಆಸ್ಪತ್ರೆಯಲ್ಲಿ ಇಂಜೆಕ್ಷನ್ ಕೊಟ್ಟದ್ದು, ಆಗ ಎದೆ ಕ್ಷಣಕಾಲ ನಿಂತಂತಾದದ್ದು, ಎಲ್ಲವನ್ನೂ ನಿನ್ನ ಅಪ್ಪ ಆಗಲೇ ಹೇಳಿದ್ದನಾದ್ದರಿಂದ ಮತ್ತೆ ಕೆದಕುವುದಿಲ್ಲ. ಎರಡು ರಾತ್ರಿ ನನ್ನನ್ನು ಎದ್ದು ಕೂರಿಸಿದ್ದು, ಪತ್ರದ ಕೊನೆಯಲ್ಲಿ ನೀನು ಸಣ್ಣಕ್ಷರದಲ್ಲಿ ಸೇರಿಸಿದ ಒಂದು ಮಾತು: "ಆ ಇಂಜೆಕ್ಷನ್ನಿನಲ್ಲಿದ್ದ ಅಡೆನೊಸಿನ್ ನಮ್ಮ ಮೈಯಲ್ಲೇ ಹುಟ್ಟುತ್ತದಂತೆ. ಹಾಗಾದರೆ ಮಲಗಿದ್ದಾಗ ಅದು ತಾನಾಗಿಯೇ ಹೆಚ್ಚಿ ನನ್ನ ಎದೆ ನಿಂತುಬಿಟ್ಟರೆ?"

ಮೈಯಲ್ಲೇ ಹುಟ್ಟುತ್ತದೆ ಎಂಬುದು ನಿಜ, ಅದನ್ನು ಮುಚ್ಚಿಡುವುದಿಲ್ಲ. ಅದು ಹುಟ್ಟುವುದು ಎಟಿಪಿ ಎಂಬ ವಸ್ತುವಿನಿಂದ. ನಾನು ನರ್ಸಿಂಗ್ ಕಲಿಯುವಾಗ ಎಟಿಪಿ ಎಂದರೆ ಜೀವಕೋಶದ ಶಕ್ತಿ ಎಂದಷ್ಟೇ ಪಾಠವಿತ್ತು. ಅದು ಹೊರಗೆ ಬಂದು ಪಕ್ಕದ ಕೋಶಕ್ಕೆ ಸುದ್ದಿ ಮುಟ್ಟಿಸುತ್ತದೆ ಎಂದು ಯಾರೂ ಹೇಳಿಕೊಡಲಿಲ್ಲ. 1972ರಲ್ಲಿ ಜೆಫ್ರಿ ಬರ್ನ್‌ಸ್ಟಾಕ್ ಎಂಬ ವಿಜ್ಞಾನಿ ಹಾಗೆಂದು ವಾದಿಸಿದಾಗ ಬಹಳ ಮಂದಿ ನಂಬಲಿಲ್ಲವಂತೆ. ಅಷ್ಟು ಬೆಲೆಯ ಶಕ್ತಿಯನ್ನು ಯಾವ ಕೋಶ ತಾನೇ ಹೊರಗೆ ಚೆಲ್ಲೀತು ಎಂಬುದು ಅವರ ಅನುಮಾನ. ನಮ್ಮ ಮಂಡಕ್ಕಿ ಭಟ್ಟಿಯ ಬೀದಿಯಲ್ಲಿ ಮೂಟೆಯೊಳಗಿನ ಮಂಡಕ್ಕಿಯನ್ನು ಯಾರೂ ತಿರುಗಿ ನೋಡುವುದಿಲ್ಲ. ರಸ್ತೆಯುದ್ದಕ್ಕೂ ಚೆಲ್ಲಿದ್ದರೆ ಮಾತ್ರ ಎಲ್ಲೋ ಮೂಟೆ ಹರಿದಿದೆ ಎಂದು ಹಮಾಲರಿಗೆ ಗೊತ್ತಾಗುತ್ತದೆ. ಎಟಿಪಿಯೂ ಹಾಗೆಯೇ: ಕೋಶದೊಳಗೆ ಹೊರಗಿಗಿಂತ ಸಾವಿರಾರು ಪಟ್ಟು ಹೆಚ್ಚಿರುವುದರಿಂದ ಹೊರಗೆ ಚೂರು ಕಂಡರೂ ನೆರೆಯ ಕೋಶಗಳು ಎಚ್ಚರಗೊಳ್ಳುತ್ತವೆ. ಅಲ್ಲಿರುವ ಕಿಣ್ವಗಳು ಅದರ ಫಾಸ್ಫೇಟುಗಳನ್ನು ಒಂದೊಂದಾಗಿ ಕಡಿದು ಹಾಕಿದ ಮೇಲೆ ಉಳಿಯುವುದೇ ನಿನ್ನ ಅಡೆನೊಸಿನ್. ದುಡಿದು ಆಮ್ಲಜನಕ ಸಾಲದಾದ ಹೃದಯದಲ್ಲಿ ಅದು ಹೆಚ್ಚುತ್ತದೆ, ರಕ್ತನಾಳಗಳನ್ನು ಅಗಲಿಸಿ, ಬಡಿತವನ್ನು ತಗ್ಗಿಸಿ, ಹೃದಯಕ್ಕೆ ಸುಧಾರಿಸಿಕೊಳ್ಳಲು ಬಿಡುವು ಕೊಡುತ್ತದೆ. ನೀನು ಹೆದರುವ ವಸ್ತು ಹೃದಯವನ್ನು ಕಾಯಲೆಂದೇ ಹುಟ್ಟುವಂಥದ್ದು, ಮಗಳೇ.

ಹಾಗಾದರೆ ಅಂದು ಯಾಕೆ ನಿಲ್ಲಿಸಿತು ಎಂದು ಕೇಳುತ್ತೀಯೆ. ಇದಕ್ಕೆ ಉತ್ತರ ಹೇಳಲು ನಾನು ಮರೆಯಬೇಕೆಂದುಕೊಂಡಿದ್ದ ಒಂದು ಮಧ್ಯಾಹ್ನವನ್ನು ನೆನೆಯಬೇಕು.

ಜಗಳೂರು ಕಡೆಯ ಒಬ್ಬ ಹೆಂಗಸು, ನಿನ್ನಂತೆಯೇ ನಾಗಾಲೋಟದ ಬಡಿತ. ಮೊಣಕೈ ಬಳಿಯ ದಪ್ಪ ರಕ್ತನಾಳಕ್ಕೆ 6 ಮಿಲಿಗ್ರಾಂ ಅಡೆನೊಸಿನ್ ಒಂದೇ ಏಟಿಗೆ ತಳ್ಳಿ, ಬೆನ್ನಿಗೇ ಸಲೈನ್ ತಳ್ಳಿ, ಕೈಯನ್ನು ಮೇಲೆತ್ತಿ ಹಿಡಿದೆ. ನಿಧಾನಿಸಿದರೆ ಔಷಧಿ ಹೃದಯ ಮುಟ್ಟುವ ಮೊದಲೇ ದಾರಿಯಲ್ಲಿ ಕರಗಿಹೋಗುತ್ತದೆ, ಏಕೆಂದರೆ ಕೆಂಪು ರಕ್ತಕಣಗಳೂ ನಾಳದ ಗೋಡೆಯೂ ಅದನ್ನು ಹೀರಿಬಿಡುತ್ತವೆ; 10 ಸೆಕೆಂಡಿನೊಳಗೆ ಅರ್ಧ ಮಾಯ. ಇಸಿಜಿ ಕಾಗದದ ಮೇಲೆ ನಾಲ್ಕು ಬೆರಳಗಲ ಬರೀ ಗೆರೆ ಎಳೆಯಿತು. ಆ ಹೆಂಗಸಿನ ಮುಖ ಕೆಂಪೇರಿತು, ನನ್ನ ಮಣಿಕಟ್ಟನ್ನು ಬಿಗಿಹಿಡಿದು "ಸಾಯ್ತೀನವ್ವಾ" ಎಂದರು. ಆ ಬಿಗಿತಕ್ಕೆ ಅವರದೇ ಕೈಬಳೆಯೊಂದು ಒಡೆಯಿತು. ಅಷ್ಟರಲ್ಲಿ ಬಡಿತ ಮರಳಿತು, ಸರಿಯಾದ ಲಯದಲ್ಲಿ. ಆದರೆ ಸೂಜಿ ಚುಚ್ಚುವ ಮುನ್ನ ನಾನು ಅವರಿಗೆ "ಇರುವೆ ಕಚ್ಚಿದಂಗೆ, ಅಷ್ಟೇ" ಎಂದಿದ್ದೆ. ಮರುದಿನ ಊರಿಗೆ ಹೊರಡುವವರೆಗೂ ಅವರು ನನ್ನ ಮುಖ ನೋಡಲಿಲ್ಲ. ಆಮೇಲೆ ಪ್ರತಿಯೊಬ್ಬರಿಗೂ ಮೊದಲೇ ಹೇಳತೊಡಗಿದೆ: ಕೆಲವು ಉಸಿರಿನಷ್ಟು ಹೊತ್ತು ಸತ್ತಂತೆ ಅನ್ನಿಸುತ್ತದೆ, ಹಾಗೆ ಅನ್ನಿಸುವುದೂ ಔಷಧಿಯ ಕೆಲಸವೇ, ಹೋಗಿಬಿಡುತ್ತದೆ ಎಂದು. ನಿನಗೆ ಹಾಗೆ ಹೇಳುವವರು ಅಂದು ಯಾರೂ ಸಿಗಲಿಲ್ಲವೆಂದು ಕಾಣುತ್ತದೆ.

ಆ ಕ್ಷಣದಲ್ಲಿ ನಡೆದದ್ದು ಇಷ್ಟು. ಹೃದಯದ ಮೇಲಿನ ಕೋಣೆಗಳಿಂದ ಕೆಳಗಿನ ಕೋಣೆಗಳಿಗೆ ಬಡಿತ ದಾಟಿಸುವ ಗಂಟಿನ ಕೋಶಗಳಲ್ಲಿ ಎ1 ಎಂಬ ರಿಸೆಪ್ಟರುಗಳಿವೆ, ಅಂದರೆ ಅಡೆನೊಸಿನ್ ಬಂದು ಕೂತು ಸುದ್ದಿ ಮುಟ್ಟಿಸುವ ಜಾಗಗಳು. ಅಡೆನೊಸಿನ್ ಅಲ್ಲಿ ಕೂತೊಡನೆ ಕೋಶದೊಳಗಿನ ಪೊಟ್ಯಾಸಿಯಂ ಹೊರಗೆ ಹರಿದು ಕೋಶ ಸುಮ್ಮನಾಗುತ್ತದೆ, ಗಾಣದೆತ್ತಿನಂತೆ ಸುತ್ತುತ್ತಿದ್ದ ವಿದ್ಯುತ್ತಿನ ದಾರಿ ತುಂಡಾಗುತ್ತದೆ. ಅದಕ್ಕೆ ಒಂದೇ ಏಟಿನ ಪ್ರವಾಹ ಬೇಕು. ಮೈಯಲ್ಲಿ ಹುಟ್ಟುವುದು ಹುಟ್ಟಿದ ಜಾಗದಲ್ಲೇ, ಆ ಜಾಗಕ್ಕೆ ಬೇಕಾದಷ್ಟೇ, ಕೆಲಸ ಮುಗಿದೊಡನೆ ಕರಗುವಂಥದ್ದು. ಮಲಗಿದಾಗ ಅದು ಸೇರಿಕೊಂಡು ಪ್ರವಾಹವಾಗುವುದಿಲ್ಲ. ಮಿದುಳಿನಲ್ಲಂತೂ ಲೆಕ್ಕ ನೀನು ಅಂದುಕೊಂಡಿದ್ದಕ್ಕೆ ತಿರುಗುಮುರುಗು: ಅಡೆನೊಸಿನ್ ಹೆಚ್ಚುವುದು ಎಚ್ಚರವಿದ್ದಷ್ಟು ಹೊತ್ತು, ಇಳಿಯುವುದು ನಿದ್ದೆಯಲ್ಲಿ. ಕಣ್ಣು ಎಳೆಯುವಂತೆ ಮಾಡುವುದರಲ್ಲಿ ಅದರದೂ ಒಂದು ಪಾಲಿದೆ.

ಎಚ್ಚರವಾಗಿರಲೆಂದು ರಾತ್ರಿ ಎರಡೆರಡು ಸಲ ಕಾಫಿ ಕುಡಿಯುತ್ತಿದ್ದೀಯಂತೆ. ಕಾಫಿಯ ಕೆಫೀನೂ ಅಡೆನೊಸಿನ್‌ನಂತೆಯೇ ಪ್ಯೂರಿನ್ ಎಂಬ ರಾಸಾಯನಿಕಗಳ ಕುಟುಂಬದ್ದೇ. ಅಡೆನೊಸಿನ್ ಕೂರಬೇಕಾದ ಜಾಗವನ್ನು ತಾನು ಹಿಡಿದು, ಹೇಳಬೇಕಾದ ಮಾತನ್ನು ಮಾತ್ರ ಹೇಳುವುದಿಲ್ಲ. ಅದರಿಂದ ದಣಿವು ಮರೆಯಾಗುತ್ತದೆಯೇ ಹೊರತು ತೀರುವುದಿಲ್ಲ, ನಿದ್ದೆಗೆಟ್ಟವರಿಗೆ ಇಂಥ ಬಡಿತ ಮರುಕಳಿಸಿದ್ದನ್ನೂ ನಾನು ಕಂಡಿದ್ದೇನೆ. ಸಂಜೆಯ ಮೇಲೆ ಬಿಡು ಎನ್ನಬೇಕೆನ್ನಿಸುತ್ತದೆ, ಆದರೆ ದಿನಕ್ಕೆ ಐದು ಲೋಟ ಚಹಾ ಕುಡಿಯುವ ನಾನು ಅದನ್ನು ಯಾವ ಬಾಯಿಂದ ಹೇಳಲಿ? ಮತ್ತೆ ಆಸ್ಪತ್ರೆಗೆ ಹೋಗುವ ಪ್ರಸಂಗ ಬಂದರೆ ಕಾಫಿ ಕುಡಿದಿದ್ದನ್ನು ಹೇಳು, ಕುಡಿದಿದ್ದರೆ ಈ ಔಷಧಿ ಸರಿಯಾಗಿ ಹಿಡಿಯದಿರಬಹುದು. ಚಿಕ್ಕಂದಿನಲ್ಲಿ ನಿನಗಿದ್ದ ಉಬ್ಬಸವನ್ನೂ ಮರೆಯದೆ ಹೇಳು. ಉಬ್ಬಸದವರಿಗೆ ಅಡೆನೊಸಿನ್ ಉಸಿರುನಾಳವನ್ನು ಬಿಗಿಯಬಹುದು. ಉಸಿರು ಬಿಗಿಹಿಡಿದು ತಿಣುಕಿ, ಕೂಡಲೇ ಅಂಗಾತ ಮಲಗಿ ಕಾಲೆತ್ತಿಸಿಕೊಂಡು ಬಡಿತ ಇಳಿಸುವ ಉಪಾಯವೊಂದಿದೆ, ಅದನ್ನು ನಿನ್ನ ಡಾಕ್ಟರರೇ ಕಲಿಸಲಿ. ಕಾಗದದಲ್ಲಿ ಕಲಿಸಲು ನನಗೆ ಧೈರ್ಯ ಸಾಲದು.

ಮುಂದಿನ ತಿಂಗಳು ಬರುವಾಗ ಅಂದಿನ ಇಸಿಜಿ ಪಟ್ಟಿಯನ್ನು ತೆಗೆದುಕೊಂಡು ಬಾ. ನೀನು ನಿಂತೇಹೋಯಿತು ಎನ್ನುವ ಆ ಜಾಗ ಎಷ್ಟು ಉದ್ದವಿದೆ ಎಂದು ಇಬ್ಬರೂ ಕೂತು ಚೌಕಗಳನ್ನು ಎಣಿಸೋಣ. ಆ ರಾತ್ರಿ ನನ್ನ ಪಕ್ಕದಲ್ಲೇ ಮಲಗು, ನನಗೆ ಹೇಗೂ ನಿದ್ದೆ ಕಡಿಮೆ.

ನಿನ್ನ
ದೊಡ್ಡಮ್ಮ