ಸ್ಟ್ಯಾಂಡ್‌ಬೈ ಇದ್ದರೆ ಬ್ಯಾಕಪ್ ಬೇಡವೇ?

ಮಾನ್ಯರೇ,

ಆನ್‌ಲೈನ್ ಸೇವೆ ನಿಂತಾಗಲೆಲ್ಲ ‘ಇನ್ನೊಂದು ಸರ್ವರ್ ಇರಲಿಲ್ಲವೇ?’ ಎನ್ನುವವರೇ ಹೆಚ್ಚು. ಮುಖ್ಯ ಸರ್ವರ್‌ನ ನಕಲನ್ನು ಸದಾ ಸಿದ್ಧವಾಗಿಟ್ಟುಕೊಳ್ಳುವ ಆ ಇನ್ನೊಂದು ಸರ್ವರೇ ಸ್ಟ್ಯಾಂಡ್‌ಬೈ. ಯಂತ್ರ ಕೆಟ್ಟರೆ ಅದು ಕಾಯುತ್ತದೆ, ಮನುಷ್ಯ ಎಡವಿದರೆ ಕಾಯದು. ಯಾರೋ ಡೇಟಾಬೇಸ್‌ನ ಒಂದು ಟೇಬಲ್ (ಕೋಷ್ಟಕ) ಅಳಿಸಿದರೆ, ಆ ಅಳಿಸುವಿಕೆಯೂ ಕ್ಷಣದಲ್ಲಿ ಸ್ಟ್ಯಾಂಡ್‌ಬೈಗೆ ನಕಲಾಗುತ್ತದೆ. ಪೂರ್ಣ ಬ್ಯಾಕಪ್ ಜೊತೆ ಅಲ್ಲಿಂದಾಚೆಗಿನ ಲಾಗ್‌ಗಳೆಲ್ಲ (ಪ್ರತಿ ಬದಲಾವಣೆಯ ದಾಖಲೆಗಳು) ಬೇರೆಡೆ ಇದ್ದರೆ ಮಾತ್ರ ಅಳಿಸುವ ಹಿಂದಿನ ಕ್ಷಣಕ್ಕೆ ಮರಳಬಹುದು.

2017ರ ಜನವರಿ 31ರಂದು, ತಂತ್ರಾಂಶದ ಕೋಡ್ ಇಡುವ ಆನ್‌ಲೈನ್ ಸೇವೆಯಾದ ಗಿಟ್‌ಲ್ಯಾಬ್‌ನಲ್ಲಿ ಮುಖ್ಯ ಡೇಟಾಬೇಸ್‌ನ ಕಡತಗಳೇ ತಪ್ಪಿ ಅಳಿಸಿಹೋದವು. ಬ್ಯಾಕಪ್ ತಂತ್ರಾಂಶದ ಆವೃತ್ತಿ ಡೇಟಾಬೇಸ್‌ನ ಆವೃತ್ತಿಗೆ ಹೊಂದದೆ ದಿನನಿತ್ಯದ ಬ್ಯಾಕಪ್ ವಿಫಲವಾಗುತ್ತಿತ್ತು. ಎಚ್ಚರಿಕೆಯ ಇಮೇಲ್‌ಗಳೂ ತಲುಪುತ್ತಿರಲಿಲ್ಲ. ಅದೃಷ್ಟಕ್ಕೆ ಸಿಕ್ಕಿದ್ದು ಸುಮಾರು 6 ಗಂಟೆ ಹಳೆಯ ಸ್ನ್ಯಾಪ್‌ಶಾಟ್ (ಆ ಕ್ಷಣದ ಡಿಸ್ಕ್‌ನ ಪ್ರತಿ).

ಎಷ್ಟು ನಿಮಿಷದ ದತ್ತಾಂಶ ಹೋದರೆ ಸಹಿಸಬಹುದು, ಎಷ್ಟು ಹೊತ್ತಿನಲ್ಲಿ ಸೇವೆ ಮರಳಬೇಕು ಎಂಬ ಎರಡು ಅಂಕಿಗಳನ್ನು ಆಡಳಿತವೇ ಬರೆದುಕೊಡಬೇಕು. ಮೊದಲನೆಯದಕ್ಕೆ ‘ಶೂನ್ಯ’ ಎಂದು ಬರೆಯುವುದು ಸುಲಭ. ಆದರೆ ಅದಕ್ಕೆ ಬೇಕಾದ ಸಿಂಕ್ರೊನಸ್ ನಕಲಿನಲ್ಲಿ (ಸ್ಟ್ಯಾಂಡ್‌ಬೈ ಒಪ್ಪಿದ ಮೇಲಷ್ಟೇ ಮುಂದುವರಿಯುವ ವಿಧಾನ) ಪ್ರತಿ 100 ಕಿ.ಮೀ. ಫೈಬರ್‌ಗೆ ಹೋಗಿಬರಲು ಸುಮಾರು 1 ಮಿಲಿಸೆಕೆಂಡ್ ಬೇಕು. ಪ್ರತಿ ಕಮಿಟ್ (ಬದಲಾವಣೆಯನ್ನು ಖಾಯಂ ಮಾಡುವ ಹೆಜ್ಜೆ) ಅಷ್ಟು ಹೊತ್ತು ಕಾಯಬೇಕು. ಪೋಸ್ಟ್‌ಗ್ರೆಸ್ ಎಂಬ ಡೇಟಾಬೇಸ್ ತಂತ್ರಾಂಶದಲ್ಲಿ ಸಿಂಕ್ರೊನಸ್ ಸ್ಟ್ಯಾಂಡ್‌ಬೈ ಒಂದೇ ಇದ್ದು ಅದು ಬಿದ್ದರೆ, ಮುಖ್ಯ ಸರ್ವರ್‌ನ ಕಮಿಟ್‌ಗಳೂ ನಿಲ್ಲುತ್ತವೆ. ಹಾಗಾಗಿ ಸ್ಟ್ಯಾಂಡ್‌ಬೈ ಎರಡಿರಲಿ, ಯಾವುದಾದರೂ ಒಂದರ ಒಪ್ಪಿಗೆ ಸಾಕೆಂದಿರಲಿ.

ಮುಖ್ಯ ಸರ್ವರ್ ಬಿದ್ದಾಗ ಸ್ಟ್ಯಾಂಡ್‌ಬೈ ತಾನಾಗಿಯೇ ಮುಖ್ಯವಾಗಲು, ಯಾವುದು ಮುಖ್ಯ ಎಂದು ಮತ ಹಾಕುವ ನೋಡ್‌ಗಳು (ಯಂತ್ರಗಳು) ಕನಿಷ್ಠ 3 ಬೇಕು. ಎರಡೇ ಇದ್ದು ನಡುವಿನ ಜಾಲ ಕಡಿದರೆ, ಎರಡೂ ತಾನೇ ಮುಖ್ಯ ಎಂದುಕೊಂಡು ಬರೆಯತೊಡಗಬಹುದು. ಆಮೇಲೆ ಆ ಎರಡು ಲೆಕ್ಕಗಳನ್ನು ಕೂಡಿಸುವವರ ಪಾಡು ಬೇಡ!

ತಿಂಗಳಿಗೊಮ್ಮೆ ಖಾಲಿ ಯಂತ್ರದ ಮೇಲೆ ಬ್ಯಾಕಪ್ ಮರಳಿಸಿ, ಗಡಿಯಾರ ಹಿಡಿದು ಅಳೆಯಿರಿ. ಬ್ಯಾಕಪ್ ತೆರೆಯಲು ಬೇಕಾದ ಗೂಢಲಿಪಿಯ ಕೀಲಿ ಮೂಲ ಸರ್ವರ್‌ನಲ್ಲೇ ಉಳಿದಿತ್ತೆಂದು ಗೊತ್ತಾಗುವುದು ಹೆಚ್ಚಾಗಿ ಆಗಲೇ.

– ಡೇಟಾಬೇಸ್ ನಿರ್ವಾಹಕರ ಬಳಗ