ದೋಸೆಗೆ ಲಿಫ್ಟ್ ಆಗಿಬರಲ್ಲ

ದುಬೈ, ರಾತ್ರಿ 2 ಗಂಟೆ

ಅಪ್ಪ, ಅಮ್ಮ,

ನಾನು ಚೆನ್ನಾಗಿದ್ದೇನೆ. ಮೊನ್ನೆ ಫೋನಿನಲ್ಲಿ ಅಪ್ಪ ಕೇಳಿದ್ದು ತಲೆಯಲ್ಲೇ ಕೂತಿದೆ: "ಅಷ್ಟು ದೂರ ಹೋಗಿ ಸಪ್ಲೈಯರ್ ಕೆಲಸಾನೇನೋ?"

ಹೌದಪ್ಪ, ಸಪ್ಲೈಯರ್ ಕೆಲಸವೇ. ಆದರೆ ಇದು ಉಳಿದುಕೊಳ್ಳುವ ಹೋಟೆಲ್, ಇಲ್ಲಿ ಗಿರಾಕಿ ಟೇಬಲ್ ಹತ್ತಿರ ಬರುವುದಿಲ್ಲ, ಟೇಬಲ್ಲೇ ಗಿರಾಕಿಯ ರೂಮಿಗೆ ಹೋಗುತ್ತದೆ. ಚಕ್ರದ ಟೇಬಲ್. ಎರಡು ಪಕ್ಕ ಮಡಚಿದರೆ ಲಿಫ್ಟಿನಲ್ಲಿ ಹಿಡಿಸುತ್ತದೆ, ರೂಮಿನಲ್ಲಿ ಬಿಚ್ಚಿದರೆ ದುಂಡನೆ ಊಟದ ಮೇಜು. ಅದರಡಿ ಹಾಟ್ ಬಾಕ್ಸ್. ಬಿಸಿ ಪದಾರ್ಥ 60 ಡಿಗ್ರಿಗಿಂತ ಕೆಳಗೆ ಇಳಿಯಬಾರದು. ಬೆಲ್ ಒತ್ತಿ, "ಇನ್-ರೂಮ್ ಡೈನಿಂಗ್" ಅಂತ ಹೇಳಿ, ಎರಡು ಹೆಜ್ಜೆ ಹಿಂದೆ ನಿಲ್ಲಬೇಕು. ಒಳಗೆ ಹೋದರೆ ಹಾಸಿಗೆ ಕಡೆ ನೋಡಲೇಬಾರದು. ಇದೆಲ್ಲಾ ಒಂದೇ ವಾರದಲ್ಲಿ ಬಂತು.

ಬಿಸಿ ಕಾಪಾಡುವುದು ದೊಡ್ಡದಲ್ಲ. ಗರಿಗರಿ ಕಾಪಾಡುವುದೇ ಕಷ್ಟ. ಅಡುಗೆಮನೆ ನೆಲದಡಿ, ರೂಮು 18ನೇ ಮಹಡಿ. ಮೊದಲ ತಿಂಗಳು ಒಬ್ಬರಿಗೆ ಮಸಾಲೆ ದೋಸೆ ಒಯ್ದೆ. ಲಿಫ್ಟಿಗೇ ಹತ್ತು ನಿಮಿಷ ಕಾದೆ. ಸ್ಟೀಲ್ ಮುಚ್ಚಳ ಎತ್ತಿದರೆ ಒಳಗಡೆ ಹನಿ ಹನಿ ನೀರು, ದೋಸೆ ಒದ್ದೆ ಟವೆಲ್ ಥರ ಮುದುಡಿಕೊಂಡಿತ್ತು. ಅವರು ಬೆರಳಲ್ಲಿ ಅಂಚು ಎತ್ತಿ ನೋಡಿದರು, ಕಾಫಿ ಮಾತ್ರ ಇಟ್ಟುಕೊಂಡರು. ಬೈದಿದ್ದರೇ ವಾಸಿ ಇತ್ತು. ಟೋಸ್ಟಿಗೂ ಇದೇ ಗತಿ. ಮುಚ್ಚಿದರೆ ಮೆತ್ತಗೆ, ಬಿಟ್ಟರೆ ತಣ್ಣಗೆ.

ಆಗ ನೆನಪಾಗಿದ್ದು ನಮ್ಮ ಕ್ಯಾತ್ಸಂದ್ರದ ತಟ್ಟೆ ಇಡ್ಲಿ. ಆವಿಯಲ್ಲೇ ಬೆಂದದ್ದಕ್ಕೆ ಆವಿ ಏನು ಮಾಡೀತು? ಅಪ್ಪ, ನೀವು ಬಾಳೆಲೆಯಲ್ಲಿ ಸುತ್ತಿ, ಚಟ್ನಿ ಬೇರೆ ಕಟ್ಟಿ ಪಾರ್ಸೆಲ್ ಕೊಡುತ್ತೀರಲ್ವಾ? ಹೈವೇಲಿ ಹೋಗುವವರು 70 ಕಿಲೋಮೀಟರ್ ದಾಟಿ ಬೆಂಗಳೂರಲ್ಲಿ ಬಿಚ್ಚಿದರೂ ಹಾಗೇ ಇರುತ್ತದೆ. ಇಲ್ಲಿ ಇಡ್ಲಿಯನ್ನು ಸಾಂಬಾರಲ್ಲೇ ಮುಳುಗಿಸಿ ಕಳಿಸುತ್ತಿದ್ದರು. ಲಿಫ್ಟ್ ಇಳಿಯುವಷ್ಟರಲ್ಲಿ ಅದು ಗಂಜಿ! ಸಾಂಬಾರ್ ಬೇರೆ ಬಟ್ಟಲಲ್ಲಿ ಕೊಡಿ ಅಂತ ಶೆಫ್‌ಗೆ ಹೇಳಿದೆ. ಒಂದು ವಾರ ಸುಮ್ನೆ ಇದ್ದರು, ಈಗ ಹಾಗೇ ಕೊಡುತ್ತಿದ್ದಾರೆ. ನಿಮ್ಮ ಹೆಸರು ಹೇಳಲಿಲ್ಲ, ಬೇಜಾರು ಮಾಡಿಕೊಳ್ಳಬೇಡಿ. ಬೆಲೆ ಮಾತ್ರ ಕೇಳಬೇಡಿ, ಅಂಗಡಿಗೆ ಬೀಗ ಹಾಕಿ ಇಲ್ಲಿಗೇ ಬಂದುಬಿಡುತ್ತೀರಿ.

ತಿಂಡಿ ಕಾರ್ಡುಗಳನ್ನು ತರಬೇಕು. ಬೆಳಿಗ್ಗೆಗೆ ಏನು ಬೇಕು ಅಂತ ಟಿಕ್ ಮಾಡಿ ಬಾಗಿಲ ಹಿಡಿಗೆ ನೇತುಹಾಕಿರುತ್ತಾರೆ. ಗಂಟೆ ಎರಡೂವರೆ ಆಯಿತು. ನಿಮಗೆ ನಾಲ್ಕು, ಅಮ್ಮ ಹಿಟ್ಟಿನ ಪಾತ್ರೆ ಮುಚ್ಚಳ ತೆಗೆದಿರುತ್ತಾಳೆ.

ನಿಮ್ಮ ಮಗ