ಹೆಂಡಿರನ್ನಲ್ಲ, ಒಲೆಗಳನ್ನು ಎಣಿಸಬೇಕಿತ್ತು

ಮಾನ್ಯ ಸಂಪಾದಕರೇ,

ಅಮೆರಿಕದ ಯೂಟಾದಲ್ಲಿ ನೆಲೆಸಿದ ಮಾರ್ಮನ್ ಎಂಬ ಕ್ರೈಸ್ತ ಪಂಥದ ವಲಸಿಗರ ಬಹುಪತ್ನಿತ್ವದ ಬಗ್ಗೆ ಭಾನುವಾರದ ಪುರವಣಿಯಲ್ಲಿ ಬಂದ ಲೇಖನ ಬ್ರಿಗ್‌ಹ್ಯಾಮ್ ಯಂಗ್ ಅವರ ಹೆಂಡತಿಯರನ್ನು ಎಣಿಸುವುದರಲ್ಲೇ ಮುಗಿದುಹೋಗಿದೆ. ಅವರಿಗೆ ಐವತ್ತಕ್ಕೂ ಹೆಚ್ಚು ಮಕ್ಕಳಿದ್ದರು ಎನ್ನುವುದೇನೋ ನಿಜ. ಆದರೆ ಅವರು ಮಾರ್ಮನ್ ಚರ್ಚಿನ ಅಧ್ಯಕ್ಷರು, ಯೂಟಾ ಪ್ರಾಂತ್ಯದ ಮೊದಲ ಗವರ್ನರ್. ಅವರ ಸಂಸಾರದಿಂದ ಇಡೀ ಯೂಟಾವನ್ನು ಅಳೆಯುವುದೆಂದರೆ, ಅರಮನೆ ನೋಡಿ ಬಂದು ಮೈಸೂರಿನ ಮನೆಗಳೆಲ್ಲ ಹೀಗೇ ಎಂದು ಬರೆದ ಹಾಗೆ. ಒಬ್ಬಳಿಗಿಂತ ಹೆಚ್ಚು ಹೆಂಡಿರಿದ್ದ ಗಂಡಸರಲ್ಲಿ ಬಹುಪಾಲು ಜನರಿಗೆ ಇದ್ದದ್ದು ಇಬ್ಬರೇ.

ಮದುವೆ ನಡೆಯುತ್ತಿದ್ದ ಬಗೆಯಿಂದಲೇ ಹೇಳುತ್ತೇನೆ. 1852ರ ಆಗಸ್ಟ್‌ನಲ್ಲಿ ಚರ್ಚಿನ ಮುಖಂಡ ಆರ್ಸನ್ ಪ್ರ್ಯಾಟ್ ಯೂಟಾದ ಸಾಲ್ಟ್ ಲೇಕ್ ಸಿಟಿಯಲ್ಲಿ ಈ ಪದ್ಧತಿಯನ್ನು ಬಹಿರಂಗವಾಗಿ ಸಾರಿದರು. ಮರುವರ್ಷ ಅವರೇ ಬರೆದ ವಿಧಿಯ ಪ್ರಕಾರ ಎರಡನೆಯ ಮದುವೆಗೆ ಮೊದಲ ಹೆಂಡತಿಯೂ ಬಂದು ನಿಲ್ಲಬೇಕು. ಗಂಡನ ಎಡಕ್ಕೆ ಅವಳು, ಅವಳ ಎಡಕ್ಕೆ ಮದುಮಗಳು. ಒಪ್ಪಿಗೆಯೇ ಎಂದು ಕೇಳಿದಾಗ ಹೊಸಬಳ ಬಲಗೈಯನ್ನು ತಾನೇ ಹಿಡಿದು ಗಂಡನ ಬಲಗೈಗೆ ಕೊಡಬೇಕು. ಕೊಡಲೊಪ್ಪದಿದ್ದರೆ? ಅವಳನ್ನು ಮೀರಿ ಮದುವೆಯಾಗಲು ಗಂಡನಿಗೆ ಅವರ ಧರ್ಮಗ್ರಂಥದಲ್ಲೇ ದಾರಿಯಿತ್ತು. ಹಾಗಿರುವಾಗ ಆ ಒಪ್ಪಿಗೆಯಲ್ಲಿ ಮನಸ್ಸೆಷ್ಟು, ಒತ್ತಡವೆಷ್ಟು ಎಂದು ಲೇಖಕರು ಕೇಳಬೇಕಿತ್ತು.

ಮದುವೆಯ ಮಾರನೆಯ ದಿನದಿಂದ ಶುರುವಾಗುತ್ತಿದ್ದದ್ದು ಸೂರಿನ ಸಮಸ್ಯೆ. 1847ರಲ್ಲಿ ಯೂಟಾಕ್ಕೆ ಬಂದ ನಂತರದ ಮೊದಲ ವರ್ಷಗಳಲ್ಲಿ ಮರದ ದಿಮ್ಮಿಗಳ ಒಂದೇ ಕೋಣೆಯೊಳಗೆ ಇಬ್ಬರೂ ಇರಬೇಕಾಗುತ್ತಿತ್ತು. ಬಂಡಿಯ ಮೇಲ್ಕಟ್ಟನ್ನು ಇಳಿಸಿ ಗೋಡೆಗೆ ಒತ್ತಿ ನಿಲ್ಲಿಸಿಕೊಂಡರೆ ಅದೇ ಇನ್ನೊಬ್ಬಳ ಮಲಗುವ ಕೋಣೆ. ಕೈಯಲ್ಲಿ ನಾಲ್ಕು ಕಾಸು ಓಡಾಡತೊಡಗಿದ ಕೂಡಲೇ ಜನ ಮೊದಲು ಬೇರ್ಪಡಿಸುತ್ತಿದ್ದದ್ದು ಒಲೆಯನ್ನು. ಆಮೇಲೆ ಬಾಗಿಲು, ಆಮೇಲೆ ಮನೆ. ಒಂದೇ ಮಾಡಿನ ಕೆಳಗೆ ಎರಡು ಮುಂಬಾಗಿಲು, ಅಥವಾ ಅದೇ ಬೀದಿಯಲ್ಲಿ ಎರಡು ಮನೆ, ಇಲ್ಲವೇ ಬೇರೆ ಬೇರೆ ಊರು. ಗಂಡ ದಿನಕ್ಕೊಂದು ಅಥವಾ ವಾರಕ್ಕೊಂದು ಮನೆಯಂತೆ ಸರದಿಯಲ್ಲಿ ಬರುತ್ತಿದ್ದ; ಊರು ಬೇರೆಯಾದರೆ ತಿಂಗಳುಗಟ್ಟಲೆ ಪತ್ತೆಯಿಲ್ಲ. ಚರ್ಚು ಧರ್ಮಪ್ರಚಾರಕ್ಕೆ ಕಳಿಸಿದರೆ ಎರಡು ಮೂರು ವರ್ಷ ಬರುತ್ತಲೇ ಇರಲಿಲ್ಲ, ಅದಕ್ಕೆ ಸಂಬಳವೂ ಇಲ್ಲ.

ಆಗ ಮನೆ ನಡೆಸಿದವರು ಹೆಂಗಸರೇ. ಹಸು, ಕೋಳಿ, ಕೈತೋಟ ಇಟ್ಟುಕೊಂಡು ಬೆಣ್ಣೆ, ಮೊಟ್ಟೆ ಮಾರುತ್ತಿದ್ದರು. ಉಣ್ಣೆ ನೂಲುತ್ತಿದ್ದರು, ಬೂದಿಯ ಕ್ಷಾರಕ್ಕೆ ಕೊಬ್ಬು ಬೆರೆಸಿ ಸೋಪು ಕಾಯಿಸುತ್ತಿದ್ದರು. 1870ರ ದಶಕದಲ್ಲಿ ಹಿಪ್ಪುನೇರಳೆ ಬೆಳೆಸಿ ರೇಷ್ಮೆ ತೆಗೆಯುವ ಪ್ರಯತ್ನವೂ ನಡೆಯಿತು. ಅದರ ಮುಂದಾಳು ಬ್ರಿಗ್‌ಹ್ಯಾಮ್ ಯಂಗ್ ಅವರ ಹೆಂಡತಿಯರಲ್ಲೊಬ್ಬರಾದ ಜೀನಾ ಯಂಗ್. ಪಾಪ, ಆಕೆಗೆ ಹುಳು ಕಂಡರೇ ಆಗುತ್ತಿರಲಿಲ್ಲ! ಸವತಿಯರ ನಡುವಿನ ಜಗಳಗಳಲ್ಲಿ ಹಾಸಿಗೆಯದಕ್ಕಿಂತ ಹಿಟ್ಟು, ಸೌದೆ, ಬಟ್ಟೆಯ ಪಾಲಿನದೇ ಹೆಚ್ಚು ಎನ್ನುವುದು ನನ್ನ ತಿಳಿವಳಿಕೆ. ಹೊಂದಿಕೊಂಡು ಬಾಳಿದ ಕಡೆ ಲಾಭವೂ ಇತ್ತು. ಎಲಿಸ್ ಶಿಪ್ 1875ರಲ್ಲಿ ವೈದ್ಯಕೀಯ ಓದಲು ಫಿಲಡೆಲ್ಫಿಯಾಕ್ಕೆ ಹೊರಟಾಗ ಅವರ ಮಕ್ಕಳನ್ನು ನೋಡಿಕೊಂಡವರು ಸವತಿಯರು. 1878ರಲ್ಲಿ ಡಾಕ್ಟರಾಗಿ ಬಂದು, ಮರುವರ್ಷವೇ ದಾದಿಯರಿಗೆ ಹೆರಿಗೆ ಶಾಸ್ತ್ರ ಕಲಿಸುವ ಶಾಲೆ ತೆರೆದರು.

ಹೊಂದದವರಿಗೆ ಬಿಡುಗಡೆಯೂ ಇತ್ತು. ‘ಒಮ್ಮೆ ಸೇರಿದ ಹೆಣ್ಣಿಗೆ ಹೊರದಾರಿಯೇ ಇರಲಿಲ್ಲ’ ಎಂಬ ಲೇಖಕರ ಮಾತು ತಪ್ಪು. ಬ್ರಿಗ್‌ಹ್ಯಾಮ್ ಯಂಗ್ ತಮ್ಮ ಕಾಲದಲ್ಲಿ 1,600ಕ್ಕೂ ಹೆಚ್ಚು ವಿಚ್ಛೇದನಗಳಿಗೆ ಒಪ್ಪಿಗೆ ಕೊಟ್ಟಿದ್ದಾರೆ. ಹೆಂಗಸು ಕೇಳಿದರೆ ಸಾಮಾನ್ಯವಾಗಿ ಸಿಗುತ್ತಿತ್ತು, ಗಂಡಸು ಕೇಳಿದರೆ ಬುದ್ಧಿವಾದ. 1856–57ರಲ್ಲಿ ಧಾರ್ಮಿಕ ಆವೇಶ ಏರಿ ಅವಸರದ ಮದುವೆಗಳು ಬಹಳ ನಡೆದವು. ಅವುಗಳಲ್ಲಿ ಎಷ್ಟೋ ಬೇಗನೆ ಮುರಿದವು.

ನಿಜವಾದ ಪೆಟ್ಟು ಬಿದ್ದದ್ದು ಬಹುಪತ್ನಿತ್ವದ ವಿರುದ್ಧ ಅಮೆರಿಕ ಸರ್ಕಾರ ತಂದ 1882ರ ಎಡ್ಮಂಡ್ಸ್ ಕಾಯ್ದೆಯಿಂದ. ಗುಟ್ಟಾಗಿ ನಡೆದ ಮದುವೆಗೆ ಸಾಕ್ಷಿ ಸಿಗುವುದು ಕಷ್ಟ. ಅದಕ್ಕೇ ಒಬ್ಬಳಿಗಿಂತ ಹೆಚ್ಚು ಹೆಂಗಸರೊಡನೆ ‘ಸಹವಾಸ’ ಮಾಡುವುದನ್ನೇ, ಎಂದರೆ ಗಂಡ ಹೆಂಡಿರಂತೆ ಬಾಳುವುದನ್ನೇ, ಅಪರಾಧವೆಂದರು: ಆರು ತಿಂಗಳವರೆಗೆ ಸೆರೆ, 300 ಡಾಲರ್‌ವರೆಗೆ ದಂಡ. ಆಂಗಸ್ ಕ್ಯಾನನ್ ಎಂಬ ಚರ್ಚಿನ ಮುಖಂಡನ ಮೇಲೆ ಮೊಕದ್ದಮೆ ಬಿದ್ದಾಗ ಆತನ ಇಬ್ಬರು ಹೆಂಡಿರು ಒಂದೇ ಮನೆಯ ಬೇರೆ ಬೇರೆ ಭಾಗಗಳಲ್ಲಿದ್ದರು. ಕಾಯ್ದೆ ಬಂದ ಮೇಲೆ ಒಬ್ಬಳ ಜೊತೆ ಸಂಬಂಧ ಬಿಟ್ಟೆ, ಅವಳಿಗೆ ಬೇರೆ ಮನೆ ಕಟ್ಟಿಸಲು ದುಡ್ಡಿಲ್ಲ ಎಂದು ಸಾಬೀತು ಮಾಡಲು ಆತ ಮುಂದಾದರೂ ನ್ಯಾಯಾಲಯ ಅವಕಾಶ ಕೊಡಲಿಲ್ಲ. ಒಂದೇ ಸೂರಿನಡಿ ಇದ್ದು, ಸರದಿಯಂತೆ ಇಬ್ಬರ ಮೇಜಿನಲ್ಲೂ ಉಂಡು, ಇಬ್ಬರೂ ಹೆಂಡಿರೇ ಎಂದು ನಡೆದುಕೊಂಡದ್ದೇ ಅಪರಾಧಕ್ಕೆ ಸಾಕು ಎಂದು 1885ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಎತ್ತಿಹಿಡಿಯಿತು. ಸರ್ಕಾರಿ ವಕೀಲರು ಇನ್ನೂ ಮುಂದೆ ಹೋದರು. ಚರ್ಚಿನ ಇನ್ನೊಬ್ಬ ಮುಖಂಡ ಲೊರೆಂಜೊ ಸ್ನೋ ಅವರ ಮೂರು ವರ್ಷದ ಸಂಸಾರವನ್ನು ಮೂರು ಅಪರಾಧಗಳಾಗಿ ಹೋಳು ಮಾಡಿ ಮೂರು ಶಿಕ್ಷೆ ಕೊಡಿಸಿದರು. ಇದು ನಿರಂತರವಾದ ಒಂದೇ ಅಪರಾಧ ಎಂದು 1887ರಲ್ಲಿ ಸುಪ್ರೀಂ ಕೋರ್ಟ್ ಹೇಳಬೇಕಾಯಿತು. ಇತ್ತ ಹೆಂಗಸರಿಗೂ ಜೈಲು ತಪ್ಪಲಿಲ್ಲ. 1883ರಲ್ಲಿ ಸಾಕ್ಷಿ ಹೇಳಲು ನಿರಾಕರಿಸಿದ ಬೆಲ್ ಹ್ಯಾರಿಸ್ ಕೈಗೂಸಿನ ಸಮೇತ ಸೆರೆಯಲ್ಲಿದ್ದರು. ಎಡ್ಮಂಡ್ಸ್ ಕಾಯ್ದೆಯಂತೆ 1883ರ ಜನವರಿ 1ಕ್ಕೆ ಮೊದಲು ಹುಟ್ಟಿದ ಮಕ್ಕಳು ಕಾನೂನಿನ ಕಣ್ಣಿಗೆ ಸಕ್ರಮ. ಆಮೇಲೆ ಹುಟ್ಟಿದವರಿಗೆ ಆ ರಕ್ಷಣೆಯಿಲ್ಲ. 1887ರ ಇನ್ನೊಂದು ಕಾಯ್ದೆ ಅಂಥವರ ಪಿತ್ರಾರ್ಜಿತದ ಹಕ್ಕಿಗೂ ಕತ್ತರಿ ಹಾಕಿತು. ಯೂಟಾದ ಹೆಂಗಸರಿಗೆ 1870ರಿಂದ ಇದ್ದ ಮತದಾನದ ಹಕ್ಕನ್ನೂ ಕಿತ್ತುಕೊಂಡಿತು. ಅವರನ್ನು ಉದ್ಧಾರ ಮಾಡುತ್ತೇವೆಂದು ಹೊರಟ ಕಾಯ್ದೆ ಮಾಡಿದ್ದು ಇದನ್ನು.

ನಮ್ಮ ಓದುಗರಿಗೆ ಕುತೂಹಲವಾಗಬಹುದಾದ ಒಂದು ಸಂಗತಿ. 1890ರ ಡೇವಿಸ್ ವಿರುದ್ಧ ಬೀಸನ್ ಎಂಬ ಮಾರ್ಮನ್ ಪ್ರಕರಣದಲ್ಲಿ ಅಮೆರಿಕದ ಕೋರ್ಟು ಧರ್ಮವೆಂದರೆ ಏನು ಎಂದು ವ್ಯಾಖ್ಯಾನಿಸಿತ್ತು. 1954ರಲ್ಲಿ ಉಡುಪಿಯ ಶೀರೂರು ಮಠದ ಪ್ರಕರಣದಲ್ಲಿ ನಮ್ಮ ಸುಪ್ರೀಂ ಕೋರ್ಟ್ ಆ ವ್ಯಾಖ್ಯಾನವನ್ನು ಎತ್ತಿಕೊಂಡು, ನಿಖರವೂ ಅಲ್ಲ, ಸಾಕಾಗುವಂಥದ್ದೂ ಅಲ್ಲ ಎಂದು ಬದಿಗಿಟ್ಟಿತು.

ಕೊನೆಯದಾಗಿ, ‘1890ಕ್ಕೆ ಎಲ್ಲವೂ ಮುಗಿಯಿತು’ ಎಂಬ ವಾಕ್ಯ. ಆ ವರ್ಷ ಚರ್ಚಿನ ಅಧ್ಯಕ್ಷ ವಿಲ್ಫರ್ಡ್ ವುಡ್ರಫ್ ಹೊರಡಿಸಿದ ಪ್ರಕಟಣೆ ಮುಖ್ಯವಾಗಿ ಹೊಸ ಮದುವೆಗಳ ಬಗ್ಗೆ ಇತ್ತು. ಅದರ ನಂತರವೂ ಕೆಲವು ಮದುವೆಗಳು ಗುಟ್ಟಾಗಿ ನಡೆದವು. ಅವನ್ನು ತಡೆಯಲು 1904ರಲ್ಲಿ ಚರ್ಚು ಮತ್ತೊಂದು ಪ್ರಕಟಣೆ ಹೊರಡಿಸಿತು. ಮೊದಲೇ ಕಟ್ಟಿಕೊಂಡ ಹೆಂಡಿರು, ಮಕ್ಕಳ ಗತಿ ಏನು ಎಂಬ ಪ್ರಶ್ನೆಯನ್ನು ಒಂದೊಂದು ಕುಟುಂಬ ಒಂದೊಂದು ರೀತಿಯಲ್ಲಿ ಬಗೆಹರಿಸಿಕೊಂಡಿತು. ಕೆಲವರು ಕೈಬಿಟ್ಟರು, ಬಹಳ ಮಂದಿ ಎಲ್ಲ ಮನೆಗಳನ್ನೂ ಸಾಕಿದರು. ಹಾಗೆ ಸಾಕಿದ ಜೋಸೆಫ್ ಎಫ್. ಸ್ಮಿತ್, ಚರ್ಚಿನ ಅಧ್ಯಕ್ಷರಾಗಿದ್ದಾಗಲೇ, 1906ರಲ್ಲಿ ನ್ಯಾಯಾಲಯದಲ್ಲಿ ತಪ್ಪೊಪ್ಪಿಕೊಂಡು 300 ಡಾಲರ್ ದಂಡ ಕಟ್ಟಿದರು.

ಇತಿ,
ಒಬ್ಬ ಓದುಗ, ಧಾರವಾಡ